ಕಾಪಾಡಿದ್ದೂ ಸುಣ್ಣ, ಕೆಡಿಸಿದ್ದೂ ಸುಣ್ಣ

ಪ್ರಶ್ನೆ: ದಕ್ಷಿಣ ಫ್ರಾನ್ಸಿನ ಪೋಂ ದ್ಯು ಗಾರ್ ಸೇತುವೆಯ ಮೇಲೆ ರೋಮನ್ನರು ನೀರು ಹರಿಸುತ್ತಿದ್ದರಂತೆ. ಪಂಪಿಲ್ಲದೆ ಅಷ್ಟು ದೂರ ಅದು ಹೇಗೆ ಬರುತ್ತಿತ್ತು? ಊರೊಳಗೆ ಸೀಸದ ಕೊಳವೆಗಳಿದ್ದವು ಎಂದು ಓದಿದೆ. ಕುಡಿದವರಿಗೆ ವಿಷವೇರುತ್ತಿರಲಿಲ್ಲವೇ?

ಉತ್ತರ: ಬರೀ ಇಳಿಜಾರಿನಿಂದ ಬರುತ್ತಿತ್ತು. ಉಜೆಸ್ ಬಳಿಯ ಬುಗ್ಗೆಯಿಂದ ನೆಮಾಸಸ್‌ಗೆ, ಅಂದರೆ ಇಂದಿನ ನೀಮ್‌ಗೆ, ನೇರ ದಾರಿ ಸುಮಾರು 20 ಕಿ.ಮೀ. ನಡುವೆ ಗುಡ್ಡಗಳಿದ್ದುದರಿಂದ ಕ್ರಿ.ಶ. 1ನೇ ಶತಮಾನದ ಆ ಕಾಲುವೆ ಸುತ್ತಿ ಬಳಸಿ 50 ಕಿ.ಮೀ. ಆಯಿತು. ಅಷ್ಟುದ್ದಕ್ಕೂ ಸಿಕ್ಕಿದ ಇಳಿತ ಹನ್ನೆರಡೂವರೆ ಮೀಟರಿನಷ್ಟೇ: ಕಿ.ಮೀ.ಗೆ ಸರಾಸರಿ 25 ಸೆಂ.ಮೀ., ಕೆಲವೆಡೆ ಬರೀ 7. ಇಳಿಜಾರು ಜಾಸ್ತಿಯಾದರೆ ನೀರು ಗಾರೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. 49 ಮೀಟರ್ ಎತ್ತರದ ಸೇತುವೆಗಿಂತ ನನಗೆ ಈ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ.

ಕಾಲುವೆ 1.2 ಮೀಟರ್ ಅಗಲ, ಆಳು ನಿಲ್ಲುವಷ್ಟು ಎತ್ತರ. ಬಹುಪಾಲು ನೆಲದಡಿಯಲ್ಲೇ ಸಾಗುತ್ತದೆ. ಒಳಮೈಗೆ ಸುಣ್ಣದ ಜೊತೆ ಇಟ್ಟಿಗೆ ಪುಡಿ ಕಲಸಿದ ಗಾರೆ. ಕನ್ನಂಬಾಡಿ ಕಟ್ಟೆಗೆ ಬಳಸಿದ ಸುರ್ಕಿಯ ಹತ್ತಿರದ ನೆಂಟ ಅನ್ನಿ. ಊರಂಚಿನಲ್ಲಿ ಐದೂವರೆ ಮೀಟರ್ ವ್ಯಾಸದ ದುಂಡು ತೊಟ್ಟಿ, ಅದರ ಗೋಡೆಯಲ್ಲಿ ತಲಾ 40 ಸೆಂ.ಮೀ. ಅಗಲದ 10 ಕಿಂಡಿ. ಅಲ್ಲಿಂದ ಸೀಸದ ಕೊಳವೆಗಳು ಸ್ನಾನಗೃಹಗಳಿಗೂ ಕಾರಂಜಿಗಳಿಗೂ ಕವಲೊಡೆಯುತ್ತಿದ್ದವು. ತೊಟ್ಟಿಯ ತಳದಲ್ಲಿ ನೀರು ಖಾಲಿ ಮಾಡಲು ಇನ್ನೂ ಮೂರು ತೂತು.

ಇನ್ನು ಸೀಸ. ಅದು ನೀರಿಗೆ ಹೆಚ್ಚು ಇಳಿಯುವುದು ಕೊಳವೆಯಲ್ಲಿ ನೀರು ಕಟ್ಟಿ ನಿಂತಾಗ, ಅದರಲ್ಲೂ ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿ. ಇಲ್ಲಿ ಹಗಲೂ ರಾತ್ರಿ ಹರಿವು. ಮಿಕ್ಕಿದ ನೀರು ಚರಂಡಿ ತೊಳೆದುಕೊಂಡು ಹೋಗುತ್ತಿತ್ತು. ಮೇಲಾಗಿ ಸುಣ್ಣಕಲ್ಲಿನ ನಾಡಿನ ಗಡಸು ನೀರು. ನಮ್ಮ ಬೋರ್‌ವೆಲ್ ನೀರು ಗೀಸರ್ ಕಾಯಿಲಿಗೆ ಹಿಡಿಸುವ ಬಿಳಿ ಸುಣ್ಣದ ಪದರದಂಥದ್ದೇ ಕೊಳವೆಯೊಳಗೂ ಹಿಡಿದು, ಸೀಸಕ್ಕೂ ನೀರಿಗೂ ನಡುವೆ ಗೋಡೆಯಾಗುತ್ತಿತ್ತು. ಅಪಾಯ ಪೂರ್ತಿ ತಪ್ಪಿತ್ತು ಎನ್ನಲಾಗದು. ಮಣ್ಣಿನ ಕೊಳವೆಯ ನೀರೇ ಆರೋಗ್ಯಕ್ಕೆ ಮೇಲೆಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಆ ಕಾಲದಲ್ಲೇ ಬರೆದಿದ್ದ. ಸೀಸದ ಪಾತ್ರೆಯಲ್ಲಿ ದ್ರಾಕ್ಷಿ ರಸ ಬತ್ತಿಸಿ ಪಾಕ ಮಾಡುವ ಅವರ ಅಭ್ಯಾಸ ಇದಕ್ಕಿಂತ ಕೆಟ್ಟದ್ದು.

ಅದೇ ಸುಣ್ಣ ಕಾಲುವೆಗೆ ಮುಳುವಾಯಿತು. ಆಳುಗಳು ಒಳಗಿಳಿದು ಕೆರೆದು ತೆಗೆಯುವಷ್ಟು ಕಾಲ ಹರಿವಿಗೆ ಅಡ್ಡಿಯಿರಲಿಲ್ಲ. 4ನೇ ಶತಮಾನದ ನಂತರ ನಿಗಾ ತಪ್ಪಿತು. ಕೆಲವೆಡೆ ಒಂದೊಂದು ಬದಿಗೆ 40 ಸೆಂ.ಮೀ. ಮೀರಿ ಪದರ ಬೆಳೆದು, ನೀರಿಗೆ ಉಳಿದದ್ದು ಬರೀ ಸಂದು. ನೀರು ನಿಂತ ಎಷ್ಟೋ ಕಾಲದ ಮೇಲೆ ಸುತ್ತಲಿನ ಹಳ್ಳಿಯವರು ಆ ಸುಣ್ಣದ ಪದರವನ್ನೇ ಕಲ್ಲಿನಂತೆ ಕಡಿದು ಒಯ್ದು ಚರ್ಚು ಕಟ್ಟಿಕೊಂಡರು.