ಬೆಳಕಿಂಡಿ ಇಲ್ಲದ ಅಡುಗೆಮನೆ

ಮಂಗಳಕ್ಕೆ ಮನುಷ್ಯರ ಪ್ರಯಾಣ ಕುರಿತ ನಮ್ಮ ಲೇಖನ ಓದಿದ ಶಿರಸಿಯ ಓದುಗರೊಬ್ಬರ ಪ್ರಶ್ನೆ: "ನೌಕೆಯೊಳಗೇ ಕಸ ಸುಡುತ್ತಾರೆ ಎಂದಿದ್ದೀರಿ. ಹೊಗೆಗೆ ಉಸಿರು ಕಟ್ಟುವುದಿಲ್ಲವೇ? ಹೊರಗೆ ಎಸೆದರಾಗದೇ?"

ಎಸೆಯುವ ಮಾತು ಮೊದಲು. ಬಾಹ್ಯಾಕಾಶ ನಿಲ್ದಾಣದವರು ಈಗ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಸಾಮಾನು ತಂದ ಪ್ರೋಗ್ರೆಸ್ ನೌಕೆಗೆ ಕಸ ತುಂಬಿ ಕಳಿಸುತ್ತಾರೆ, ಅದು ವಾತಾವರಣದಲ್ಲಿ ಉರಿದುಹೋಗುತ್ತದೆ. ಮಂಗಳದವರಿಗೆ ಕಸ ಎಸೆದರೆ ನಷ್ಟ. ಅಲ್ಲೇ ಬೆಳೆದ ಗೋಧಿಯ ಕಾಳು ತಿಂದ ಮೇಲೆ ಉಳಿಯುವ ಹುಲ್ಲು, ಜೊತೆಗೆ ಮಲ, ಇವನ್ನು ಸುಟ್ಟರೆ ನೀರು, ಇಂಗಾಲದ ಡೈಆಕ್ಸೈಡ್, ಬೂದಿ ಸಿಗುತ್ತವೆ. ಮೂರೂ ಮುಂದಿನ ಬೆಳೆಗೆ ಬೇಕು.

1997ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ, ನಾಸಾದ ಜಾನ್ಸನ್ ಕೇಂದ್ರದಲ್ಲಿ, ಪ್ರಯೋಗಕ್ಕಾಗಿ ನಾಲ್ವರು 91 ದಿನ ಮುಚ್ಚಿದ ಕೋಣೆಯಲ್ಲಿದ್ದರು. ಅವರ ಮಲ ಸುಟ್ಟು, ಬಂದ ಇಂಗಾಲದ ಡೈಆಕ್ಸೈಡನ್ನು ಗೋಧಿ ಗಿಡಗಳಿಗೆ ಕೊಟ್ಟರು. ಗೋಧಿ ಹೆಚ್ಚುಕಡಿಮೆ ಒಬ್ಬರಿಗೆ ಸಾಕಾಗುವಷ್ಟು ಆಮ್ಲಜನಕ ಕೊಟ್ಟಿತು. ಮೂಗು ಮುರಿಯಬೇಡಿ, ನಮ್ಮ ಗೊಬ್ಬರಗುಂಡಿಯ ಲೆಕ್ಕವೇ ಇದು, ಸ್ವಲ್ಪ ಅವಸರದ್ದು ಅಷ್ಟೇ.

ಹೊಗೆಯ ಬಗ್ಗೆ ನಿಮ್ಮ ಭಯ ಸುಳ್ಳಲ್ಲ. ಕಾರ್ಬನ್ ಮಾನಾಕ್ಸೈಡ್, ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡುಗಳು ಬಂದೇ ಬರುತ್ತವೆ. ಗಿಡಗಳಿಗೂ ಅವು ಆಗಿಬರುವುದಿಲ್ಲ. ಇಲ್ಲಿನ ಕಾರ್ಖಾನೆಗಳಲ್ಲಾದರೆ ಸುಣ್ಣದ ನೀರು ಸಿಂಪಡಿಸಿ ಗಂಧಕ ಹಿಡಿಯುತ್ತಾರೆ, ಅಮೋನಿಯಾ ಹಾಯಿಸಿ ನೈಟ್ರೋಜನ್ ಆಕ್ಸೈಡ್ ಪಳಗಿಸುತ್ತಾರೆ. ಸುಣ್ಣ ಮುಗಿದರೆ ಲಾರಿ ಬರುತ್ತದೆ. ಅಲ್ಲಿಗೆ ಯಾವ ಲಾರಿ?

ಇದಕ್ಕೆ ನಾಸಾದ ಏಮ್ಸ್ ಕೇಂದ್ರ ಮತ್ತು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಹುಡುಕಿದ ದಾರಿ ನನಗೆ ತುಂಬಾ ಇಷ್ಟ. ಎಲ್ಲ ಹುಲ್ಲನ್ನೂ ಸುಡುವುದು ಬೇಡ, ಸ್ವಲ್ಪವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿಕೊಳ್ಳುವುದು. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ತಣಿದ ಹೊಗೆ ಹಾಯಿಸಿದರೆ ನೈಟ್ರೋಜನ್ ಆಕ್ಸೈಡ್ ಅಲ್ಲೇ ಅಂಟಿಕೊಳ್ಳುತ್ತದೆ. ವಾಸನೆ ಹೋಗಲಿ ಅಂತ ಫ್ರಿಜ್ಜಿನಲ್ಲಿ ಇದ್ದಿಲು ಇಡುತ್ತೀರಲ್ವಾ, ಹಾಗೇ. ತುಂಬಿದ ಇದ್ದಿಲನ್ನು ಆಮ್ಲಜನಕ ತಾಗದಂತೆ ಸುಮಾರು 500 ಡಿಗ್ರಿಗೆ ಕಾಯಿಸುತ್ತಾರೆ. ಆಗ ಇದ್ದಿಲಿನ ಇಂಗಾಲವೇ ಆಮ್ಲಜನಕವನ್ನು ಕಿತ್ತುಕೊಂಡು ಬರೀ ನೈಟ್ರೋಜನ್ ಬಿಟ್ಟುಕೊಡುತ್ತದೆ. ನಮ್ಮ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ತಾನೇ. ಪ್ರತಿ ಸಲ ಇದ್ದಿಲು ಒಂಚೂರು ಸವೆಯುತ್ತದೆ. ಸವೆಯಲಿ ಬಿಡಿ, ಮುಂದಿನ ಬೆಳೆಯ ಹುಲ್ಲು ಇದೆಯಲ್ಲ!

ಒಂದು ತೊಡಕಿದೆ. 1997ರ ಪ್ರಯೋಗದ ಒಲೆಯಲ್ಲಿ ಮಲ ಸುಟ್ಟದ್ದು ಬಿಸಿ ಮರಳಿನ ನಡುವೆ. ಕೆಳಗಿನಿಂದ ಊದಿದ ಗಾಳಿಗೆ ಆ ಮರಳು ಅನ್ನದ ಎಸರಿನಂತೆ ಕುದಿಯುತ್ತಿತ್ತು. ಮೇಲೆದ್ದ ಮರಳು ಮತ್ತೆ ಬೀಳಬೇಕಾದರೆ ತೂಕ ಬೇಕು. ಎಲ್ಲವೂ ತೇಲುವ ನೌಕೆಯಲ್ಲಿ ಅದು ನಡೆಯದು. ಇಂಥ ಒಲೆ ಹೂಡುವುದಿದ್ದರೆ ಮಂಗಳದ ನೆಲದ ಮೇಲೆ. ಲೇಖನದಲ್ಲಿ 'ನೌಕೆಯೊಳಗೆ' ಎಂದು ಬಂದದ್ದು ನಮ್ಮದೇ ತಪ್ಪು.

-ಸಂ.