ಕೈತೋಟ ಪ್ರಶ್ನೋತ್ತರ: ಆಟಿಯ ಮಳೆಯಲ್ಲೂ ಉಳಿಯುವ ಒಳಮನೆಯ ಗಿಡಗಳು

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಎಂಟಕ್ಕೆ ಬಿಜೈಯ ಫ್ಲ್ಯಾಟಿಗೆ ಬೀಗ ಹಾಕಿದರೆ ತೆರೆಯುವುದು ಸಂಜೆ ಏಳರ ನಂತರ. ವಾರದ ಕೊನೆಯಲ್ಲಿ ಕಾರ್ಕಳದ ಮನೆಗೆ ಹೋಗುವಾಗ ಗಿಡಗಳಿಗೆ ಎರಡು ದಿನಕ್ಕಾಗುವಷ್ಟು ನೀರು ತುಂಬಿಸಿಯೇ ಹೊರಡುತ್ತೇವೆ. ಆದರೂ ಎರಡು ವರ್ಷಗಳಿಂದ ತಂದ ಗಿಡಗಳೆಲ್ಲ ಮಳೆಗಾಲದಲ್ಲೇ ಸಾಯುತ್ತಿವೆ. ಹೆಚ್ಚು ಆರೈಕೆ ಬೇಡದ ಗಿಡಗಳನ್ನು ತಿಳಿಸುವಿರಾ? ನಮ್ಮ ಬಾಲ್ಕನಿ ಪಶ್ಚಿಮಕ್ಕಿದೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ಗಿಡಗಳು ಸತ್ತದ್ದು ನೀವು ಮರೆತದ್ದರಿಂದಲ್ಲ, ಮರೆಯದೇ ನೀರು ತುಂಬಿಸಿದ್ದರಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುವ ನಮ್ಮ ಕರಾವಳಿಯಲ್ಲಿ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಆ ಆಟಿ ತಿಂಗಳ (ಜುಲೈ–ಆಗಸ್ಟ್) ದಿನಗಳಲ್ಲಿ ಕುಂಡದ ಮಣ್ಣು ಮಾತ್ರ ಒಣಗುವುದೆಂದು ನಿರೀಕ್ಷಿಸುವಂತಿಲ್ಲ. ಬೆಳಕು ಕಡಿಮೆಯಾದಾಗ ಗಿಡ ನೀರನ್ನು ಕುಡಿಯುವುದೂ ಕಡಿಮೆ. ಹೀಗೆ ಉಳಿದ ನೀರು ಮಣ್ಣಿನೊಳಗಿನ ಗಾಳಿಯ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ, ಉಸಿರುಗಟ್ಟಿದ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡದ ಎಲೆ ಬಾಡುವುದನ್ನು ಕಂಡು ನಾವು ಬಾಯಾರಿಕೆಯೆಂದು ಭಾವಿಸಿ ಇನ್ನೊಂದು ಚೊಂಬು ಸುರಿಯುತ್ತೇವೆ. ನನ್ನ ಮೊದಲ ಝಡ್‌ಝಡ್ ಗಿಡವನ್ನು ನಾನು ಕೊಂದದ್ದು ಹೀಗೆಯೇ. ಜುಲೈಯಲ್ಲಿ ಕುಂಡದಿಂದ ಕಿತ್ತು ನೋಡಿದರೆ ಅದರ ಗೆಡ್ಡೆ ಅತಿಯಾಗಿ ಬೆಂದ ಸುವರ್ಣಗೆಡ್ಡೆಯಂತೆ ಬೆರಳ ನಡುವೆ ಹಿಚುಕಿಹೋಯಿತು. ಕೈಗೆ ಹತ್ತಿದ ವಾಸನೆ ಎರಡು ಸಲ ಸೋಪು ಹಚ್ಚಿದರೂ ಬಿಡಲಿಲ್ಲ.

ಆದರೂ ನಿಮಗೆ ಮೊದಲು ಹೇಳಬೇಕಾದದ್ದು ಅದೇ ಝಡ್‌ಝಡ್ ಗಿಡವನ್ನು. ಪೂರ್ವ ಆಫ್ರಿಕಾದ ಈ ಗಿಡ ತನ್ನ ಗೆಡ್ಡೆಯಲ್ಲೂ ದಪ್ಪ ದಂಟಿನಲ್ಲೂ ನೀರು ಕೂಡಿಟ್ಟುಕೊಳ್ಳುವುದರಿಂದ ಬೇಸಿಗೆಯಲ್ಲಿ ಎರಡು–ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಕೊಟ್ಟರೆ ಸಾಕಾಗುತ್ತದೆ. ಎರಡನೆಯದು ಸ್ನೇಕ್ ಪ್ಲಾಂಟ್. ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುವ ಗಿಡವಾದ್ದರಿಂದ ಅದಕ್ಕೂ ನೀರಿನ ಖರ್ಚು ಬಹಳ ಕಡಿಮೆ. ಮನಿ ಪ್ಲಾಂಟ್ ಮತ್ತು ಅಗ್ಲೋನಿಮಾ ಇವುಗಳಿಗಿಂತ ಸ್ವಲ್ಪ ಹೆಚ್ಚು ಗಮನ ಕೇಳುತ್ತವೆಯಾದರೂ ನಮ್ಮ ತೇವದ ಗಾಳಿಯಲ್ಲಿ ಸುಖವಾಗಿರುತ್ತವೆ. ನರ್ಸರಿಯವರು ಅರೆಕಾ ಪಾಮ್ ಎಂದು ಕೊಡುವುದು ನಮ್ಮ ತೋಟದ ಅಡಿಕೆಯಲ್ಲ, ಮಡಗಾಸ್ಕರಿನ ಬೇರೆಯೇ ತಾಳೆ. ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ನಾಲ್ಕು ದಿನ ಮರೆತರೆ ಗರಿಯ ತುದಿ ಕಂದುತ್ತದೆ. ನಿಮ್ಮ ದಿನಚರಿಗೆ ಅದು ಹೊಂದುವುದಿಲ್ಲ.

ಗಿಡಕ್ಕಿಂತ ಮುಖ್ಯವಾದದ್ದು ಮಣ್ಣು. ಅಂಗಳದ ಕೆಂಪು ಮುರಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಿದರೆ ಕೆಲವೇ ತಿಂಗಳಲ್ಲಿ ಅದು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಒಂದು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ತೆಂಗಿನ ಸಿಪ್ಪೆಯ ಸಣ್ಣ ತುಂಡು, ಒಂದು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಒಂದೆರಡು ಹಿಡಿ ಹಳೆಯ ಗೊಬ್ಬರ ಸೇರಿಸಿರಿ. ನಾರಿನ ಪುಡಿ ನೀರನ್ನು ಬಹುಕಾಲ ಹಿಡಿದಿಡುವುದರಿಂದ ಅದನ್ನು ಮಿತವಾಗಿ ಬಳಸುವುದು ಲೇಸು. ಮರಳು ಹೊಳೆಯದ್ದಾಗಿರಲಿ, ಪಣಂಬೂರಿಗೆ ವಿಹಾರಕ್ಕೆ ಹೋದವರು ಚೀಲದಲ್ಲಿ ತುಂಬಿ ತರುವ ಕಡಲ ಮರಳಿನ ಉಪ್ಪು ಬೇರಿಗೆ ಆಗದು. ಕುಂಡಕ್ಕೆ ತೂತಿರಲೇಬೇಕು. ಅಲಂಕಾರದ ಪಿಂಗಾಣಿ ಕುಂಡದೊಳಗೆ ಇನ್ನೊಂದು ಕುಂಡವನ್ನು ಇಳಿಸಿಟ್ಟಿದ್ದರೆ ತಳದಲ್ಲಿ ನಿಂತ ನೀರನ್ನು ಚೆಲ್ಲಲು ಮರೆಯಬೇಡಿ.

ನೀರು ಹಾಕುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುವ ಬದಲು ಭಾನುವಾರ ರಾತ್ರಿ ಊರಿನಿಂದ ಮರಳಿದಾಗ ಒಂದೊಂದೇ ಕುಂಡವನ್ನು ಎತ್ತಿ ನೋಡಿರಿ. ಒಣಗಿದ ಕುಂಡದ ಹಗುರ ಎರಡೇ ವಾರದಲ್ಲಿ ಕೈಗೆ ಗೊತ್ತಾಗುತ್ತದೆ. ದೊಡ್ಡ ಕುಂಡವಾದರೆ ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕಿಳಿಸಿ, ಮಣ್ಣು ಅಂಟಿಕೊಂಡು ಬಂದರೆ ಆ ವಾರ ನೀರು ಬೇಡ. ಪಶ್ಚಿಮದ ಬಾಲ್ಕನಿಯಲ್ಲಿ ಜೂನ್ ನಂತರ ಎರಚಲು, ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲು, ಎರಡೂ ಕಾಟವೇ. ಗಾಜಿನ ಬಾಗಿಲಿನಿಂದ ನಾಲ್ಕೈದು ಅಡಿ ಒಳಗಿಡುವುದೇ ಸರಿ.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮಗುವೂ ಒಂದು ಬೆಕ್ಕೂ ಇವೆ. ಇಬ್ಬರೂ ಎಲೆ ಕಂಡರೆ ಬಾಯಿಗೆ ಹಾಕುತ್ತಾರೆ. ಯಾವ ಗಿಡ ಇಡಬಹುದು?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಹುಳಿ ಸಾಲದ, ಕೆಸುವಿನೆಲೆಯ ಪತ್ರೊಡೆ ತಿಂದು ಗಂಟಲು ತುರಿಸಿಕೊಂಡ ಅನುಭವ ನಿಮಗೂ ಇದ್ದೀತು. ಮನಿ ಪ್ಲಾಂಟ್, ಝಡ್‌ಝಡ್, ಅಗ್ಲೋನಿಮಾ, ಡಿಫೆನ್‌ಬೇಕಿಯಾ, ಪೀಸ್ ಲಿಲಿ ಇವೆಲ್ಲವೂ ಆ ಕೆಸುವಿನ ಕುಟುಂಬದವೇ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಇವುಗಳಲ್ಲೂ ಇದ್ದು, ಎಲೆ ಜಗಿದರೆ ಬಾಯಿ ಉರಿದು ಊದಿಕೊಳ್ಳಬಹುದು. ಡಿಫೆನ್‌ಬೇಕಿಯಾವನ್ನಂತೂ ಮನೆಗೆ ತರಲೇಬೇಡಿ. ಸ್ನೇಕ್ ಪ್ಲಾಂಟ್ ಬೇರೆ ಕುಟುಂಬದ್ದಾದರೂ ಬೆಕ್ಕಿಗೆ ವಾಂತಿ ತರಿಸೀತು. ನಿಮಗೆ ಸ್ಪೈಡರ್ ಪ್ಲಾಂಟ್ ಮತ್ತು ಪೆಪರೋಮಿಯಾ ಸೂಕ್ತ. ಸ್ಪೈಡರ್ ಪ್ಲಾಂಟಿನ ಜೋತಾಡುವ ಮರಿಗಳನ್ನು ಬೆಕ್ಕು ಬಿಡುವುದಿಲ್ಲವಾದ್ದರಿಂದ ಅದನ್ನು ಎತ್ತರದಲ್ಲಿ ತೂಗುಹಾಕಿರಿ. ಇದು ಬೆಕ್ಕಿಗಾಗಿ ಅಲ್ಲ, ಗಿಡಕ್ಕಾಗಿ.

ಪ್ರಶ್ನೆ: ಗಿಡಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುವುದು ನಿಜವೇ? ಮನಿ ಪ್ಲಾಂಟನ್ನು ಬರೀ ನೀರಿನಲ್ಲಿ ಬೆಳೆಸಬಹುದೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: 1989ರ ನಾಸಾ ಪ್ರಯೋಗವನ್ನು ತೋರಿಸಿ ಗಿಡ ಮಾರುವವರು ಬಹಳ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಹಲವು ಪ್ರಯೋಗಗಳನ್ನು 2019ರಲ್ಲಿ ಪರಿಶೀಲಿಸಿದವರ ಲೆಕ್ಕದಂತೆ, ಕಿಟಕಿ ಬಾಗಿಲಿನ ಸಂದಿಯಿಂದ ಆಡುವ ಗಾಳಿಯಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ ಕನಿಷ್ಠ 10 ಗಿಡಗಳಾದರೂ ಬೇಕು. ಮನಿ ಪ್ಲಾಂಟನ್ನು ನೀರಿನಲ್ಲಿ ಧಾರಾಳವಾಗಿ ಬೆಳೆಸಬಹುದು. ಆದರೆ ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಏಳರಿಂದ ಹತ್ತು ದಿನ ಸಾಕಾದ್ದರಿಂದ ವಾರಕ್ಕೆ ಎರಡು ಸಲ ನೀರು ಬದಲಿಸಿ, ಬಾಟಲಿಯ ಒಳಗೋಡೆಯನ್ನು ನಾರು ಹಾಕಿ ಉಜ್ಜಿ ತೊಳೆಯಿರಿ. ಮೊಟ್ಟೆಗಳು ಅಂಟಿಕೊಂಡಿರುವುದು ಅಲ್ಲಿಯೇ.