ಹದಿನೈದರಲ್ಲಿ ಪ್ರಾಣವಾಗಿದ್ದ ಪುಸ್ತಕ ಈಗ ಸಿಟ್ಟು ತರಿಸುತ್ತಿದೆ

ಪ್ರಶ್ನೆ: ನನಗೆ 33 ವರ್ಷ. ಹದಿನೈದರಲ್ಲಿ ‘ಟ್ವೈಲೈಟ್’ ಅಂದ್ರೆ ನನಗೆ ಪ್ರಾಣ, ಅದೇ ಬೆಲ್ಲಾ ಅನ್ನುವ ಹುಡುಗಿ ಮತ್ತು ವಯಸ್ಸೇ ಆಗದ, ರಕ್ತ ಕುಡಿಯುವ ವ್ಯಾಂಪೈರ್ ಎಡ್ವರ್ಡ್‌ನ ಪ್ರೇಮಕತೆ. ಎಡ್ವರ್ಡ್‌ನಂಥವನು ಸಿಗದಿದ್ದರೆ ಮದುವೆಯೇ ಬೇಡ ಅಂತ ಡೈರಿಯಲ್ಲಿ ಬರೆದಿದ್ದೆ. ಹೋದ ತಿಂಗಳು ನಾಲ್ಕೂ ಪುಸ್ತಕ ಮತ್ತೆ ಓದಿದೆ. ಮೊದಲನೆಯದು ಅರ್ಧ ಮುಗಿಯುವಷ್ಟರಲ್ಲೇ ಸಿಟ್ಟು ಬಂತು. ಅವನು ಅವಳ ಬೆನ್ನು ಬೀಳುತ್ತಾನೆ, ಕದ್ದು ನೋಡುತ್ತಾನೆ, ಎಲ್ಲದಕ್ಕೂ ಅಪ್ಪಣೆ ಕೊಡುತ್ತಾನೆ. ಇದನ್ನಾ ನಾನು ಪ್ರೀತಿ ಅಂದುಕೊಂಡಿದ್ದು ಅಂತ ನಾಚಿಕೆಯಾಯಿತು. ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ, ಅದು ಇನ್ನೂ ನಾಚಿಕೆ. ಈಗ 13 ವರ್ಷದ ಅಕ್ಕನ ಮಗಳು ಅದನ್ನೇ ಓದಲು ಕೇಳುತ್ತಿದ್ದಾಳೆ. ಕೊಡಲಾ, ಬಚ್ಚಿಡಲಾ?

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ‘ಬಿಡಿ, ಅದು ಬರೀ ಕತೆ’ ಅಂತ ನಿಮ್ಮನ್ನು ಸುಮ್ನೆ ಸಮಾಧಾನ ಮಾಡುವುದಿಲ್ಲ. ಮೂರನೇ ಪುಸ್ತಕದಲ್ಲಿ ಬೆಲ್ಲಾ ತೋಳವಾಗಿ ಬದಲಾಗುವ ಗೆಳೆಯ ಜೇಕಬ್‌ನನ್ನು ನೋಡಲು ಹೊರಟರೆ ಎಡ್ವರ್ಡ್ ಅವಳ ಟ್ರಕ್ಕಿನ ಎಂಜಿನ್‌ನಿಂದ ಒಂದು ಭಾಗವನ್ನೇ ಕಳಚಿಟ್ಟಿರುತ್ತಾನೆ. ತಾನಿಲ್ಲದಾಗ ಅವಳನ್ನು ಕಾಯಲು ತಂಗಿ ಆಲಿಸ್‌ಗೆ ಹಳದಿ ಪೋರ್ಷೆ ಕಾರಿನ ಲಂಚ ಬೇರೆ. ಅವಳ ಜೀವಕ್ಕೆ ಅಪಾಯವಿದೆ, ಅದಕ್ಕೇ ಹೀಗೆ ಅಂತ ಪುಸ್ತಕ ಕಾರಣ ಕೊಡುತ್ತದೆ. ನಿಜ ಜೀವನದಲ್ಲಿ ಹೀಗೆ ಮಾಡುವವರೂ ಅದೇ ಕಾರಣ ಕೊಡುತ್ತಾರೆ, ಅಲ್ವಾ? ನಂತರ ಅವನು ಸ್ವಲ್ಪ ಬದಲಾಗಿ ಅವಳನ್ನು ಹೋಗಲು ಬಿಡುತ್ತಾನೆ, ನಿಜ. ಆದರೆ ‘ಹೋಗಲು ಬಿಡುತ್ತಾನೆ’ ಅನ್ನುವುದರಲ್ಲೇ ಸಮಸ್ಯೆ ಇದೆ.

ಹದಿನೈದರಲ್ಲಿ ಇದು ಕಾಣಲಿಲ್ಲ ಅಂದರೆ ನೀವು ದಡ್ಡರಾಗಿರಲಿಲ್ಲ. ಕತೆಯ ಬಹುಪಾಲು ಹೇಳುವವಳು ಬೆಲ್ಲಾ. ಅವಳಿಗೆ ಹೇಗೆ ಕಂಡಿತೋ ನಿಮಗೂ ಹಾಗೇ ಕಂಡಿತು. ಮಲಗುವ ಕೋಣೆಯ ದೃಶ್ಯವನ್ನು ಇನ್ನೊಂದು ಸಲ ತೆಗೆದು ನೋಡಿ. ತಾನು ಎಷ್ಟೋ ರಾತ್ರಿ ಬಂದು ಅವಳು ನಿದ್ದೆ ಮಾಡುವುದನ್ನು ನೋಡುತ್ತಿದ್ದೆ ಅಂತ ಅವನು ಒಪ್ಪಿಕೊಳ್ಳುತ್ತಾನೆ. ಅವಳಿಗೆ ರೇಗಬೇಕಿತ್ತು. ರೇಗುವುದಿಲ್ಲ, ಒಳಗೊಳಗೇ ಖುಷಿಯಾಗುತ್ತದೆ. ಅವಳಿಗೆ ನಿದ್ದೆಯಲ್ಲಿ ಮಾತಾಡುವ ಅಭ್ಯಾಸ ಬೇರೆ ಇದೆ. ಅವಳ ದೊಡ್ಡ ಚಿಂತೆ ಏನು ಗೊತ್ತಾ? ಅವನು ಬಂದಿದ್ದಲ್ಲ, ತಾನು ಏನೇನು ಬಡಬಡಿಸಿದೆನೋ ಅಂತ! ಲೇಖಕಿ ಸ್ಟೆಫನಿ ಮೇಯರ್ ಆ ಗಳಿಗೆಯಲ್ಲಿ ನಮ್ಮ ಗಮನವನ್ನು ಎಷ್ಟು ಚೆನ್ನಾಗಿ ಪಕ್ಕಕ್ಕೆ ಸರಿಸುತ್ತಾರೆ ಅಂದರೆ, ಹದಿನೈದರ ಹುಡುಗಿಯೂ ತನ್ನ ಮಾನ ಏನಾಯಿತೋ ಅಂತ ಬೆಲ್ಲಾ ಜೊತೆಗೇ ಕೆಂಪಾಗುತ್ತಾಳೆಯೇ ಹೊರತು ಇವನು ಒಳಗೆ ಬಂದಿದ್ದು ಯಾರನ್ನು ಕೇಳಿ ಅನ್ನುವ ಪ್ರಶ್ನೆ ಅವಳ ತಲೆಗೆ ಬರುವುದೇ ಇಲ್ಲ.

(ವಯಸ್ಸಿನ ಲೆಕ್ಕವೂ ಹಾಗೇ. ಅವನಿಗೆ 1918ರಿಂದ ಬರೀ ಹದಿನೇಳು. ಆಗ ಅದು ನಮಗೆ ಭಾರೀ ರೊಮ್ಯಾಂಟಿಕ್. ಈಗ ಓದಿದರೆ, ನೂರು ವರ್ಷ ದಾಟಿದವನು ದಿನಾ ಹೈಸ್ಕೂಲಿಗೆ ಯಾಕೆ ಹೋಗುತ್ತಾನಪ್ಪಾ ಅನ್ನಿಸುತ್ತದೆ.)

ಇನ್ನು ನಿಮ್ಮ ನಾಚಿಕೆ. ಇಲ್ಲಿ ನಾನು ನಿಮ್ಮ ಜೊತೆ ಜಗಳಕ್ಕೆ ಬರುತ್ತೇನೆ. ಹದಿನೈದರ ಆ ಹುಡುಗಿ ಮನಸೋತಿದ್ದು ಕಿಟಕಿ ಹಾರಿ ಬರುವವನಿಗೆ ಅಂತ ನೀವು ಹೇಗೆ ಹೇಳುತ್ತೀರಿ? ಎಡ್ವರ್ಡ್‌ಗೆ ಸುತ್ತಲಿನ ಎಲ್ಲರ ಮನಸ್ಸೂ ಕೇಳಿಸುತ್ತದೆ, ಬೆಲ್ಲಾ ಒಬ್ಬಳದು ಬಿಟ್ಟು. ಹಾಗಾಗಿ ಅವನು ಕೇಳಲೇಬೇಕು. ಒಂದು ದಿನವಿಡೀ ಕೇಳುತ್ತಾನೆ. ಯಾವ ಬಣ್ಣ ಇಷ್ಟ, ಯಾವ ಪುಸ್ತಕ, ಯಾವ ಸಿನಿಮಾ, ಯಾವ ಹಾಡು. ಬಣ್ಣ ದಿನಕ್ಕೊಂದು ಅನ್ನುತ್ತಾಳೆ, ಇವತ್ತು ಕಂದು ಅನ್ನುತ್ತಾಳೆ. ಯಾಕೆ ಕಂದು ಅಂತ ಅದನ್ನೂ ಕೇಳುತ್ತಾನೆ. ಹದಿನೈದರ ವಯಸ್ಸಲ್ಲಿ ಮನೆಯಲ್ಲಿ, ಶಾಲೆಯಲ್ಲಿ ಎಲ್ಲರೂ ನಿಮಗೆ ಹೇಳುವವರೇ. ಯಾಕೆ ಕಂದು ಅಂತ ಕೇಳಿ, ಉತ್ತರ ಮುಗಿಯುವ ತನಕ ಕೂತು ಕೇಳಿಸಿಕೊಳ್ಳುವವರು ಯಾರಿದ್ದರು? ಡೈರಿಯಲ್ಲಿ ‘ಎಡ್ವರ್ಡ್‌ನಂಥವನು’ ಅಂತ ಬರೆದಾಗ ಅವಳ ಮನಸ್ಸಲ್ಲಿ ಇದ್ದದ್ದು ಬಹುಶಃ ಇದೇ. ಇದನ್ನು ಬಯಸಿದ್ದರಲ್ಲಿ ತಪ್ಪೇನಿದೆ? ಈಗಲೂ ಬಯಸಿ.

ಪುಸ್ತಕ ಕೆಳಗಿಡಲಾಗಲಿಲ್ಲ ಅಂದಿರಿ. ಅದು ಅಷ್ಟೊಂದು ಕೆಟ್ಟದಾಗಿಲ್ಲ, ಅದಕ್ಕೇ. ಎರಡನೇ ಪುಸ್ತಕದಲ್ಲಿ ಅವನು ಬಿಟ್ಟುಹೋದ ಮೇಲೆ ಕೆಲವು ಪುಟಗಳಿವೆ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಬರೀ ತಿಂಗಳ ಹೆಸರು, ಬೇರೆ ಏನೂ ಇಲ್ಲ. ಎಷ್ಟೋ ಜನ ಇದನ್ನು ಗೇಲಿ ಮಾಡುತ್ತಾರೆ. ನನ್ನ ಪ್ರಕಾರ ನಾಲ್ಕೂ ಪುಸ್ತಕಗಳಲ್ಲಿ ಇದೇ ಒಳ್ಳೆಯ ಬರವಣಿಗೆ. ಆಗ ನೀವು ಅದನ್ನು ಮಹಾಪ್ರೇಮ ಅಂತ ಓದಿರುತ್ತೀರಿ, ಈಗ ಈ ಹುಡುಗಿಯನ್ನು ಯಾರಾದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬಾರದಾ ಅನ್ನಿಸಿರುತ್ತದೆ. ಎರಡೂ ಆ ಪುಟದಲ್ಲೇ ಇದೆ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ನಿಮ್ಮ ಸ್ವಂತ ಬದುಕಲ್ಲಿ ಯಾರಾದರೂ ಹೀಗೆ ನಿಮ್ಮ ಓಡಾಟಕ್ಕೆ ಅಡ್ಡ ಹಾಕಿ, ಅದನ್ನು ನೀವು ಪ್ರೀತಿ ಅಂತ ಸಹಿಸಿಕೊಂಡಿದ್ದೀರಾ? ಹೌದಾದರೆ ದಯವಿಟ್ಟು ಮತ್ತೆ ಬರೆಯಿರಿ, ಅದು ಪುಸ್ತಕದ ವಿಷಯ ಅಲ್ಲವೇ ಅಲ್ಲ. ಇಲ್ಲವಾದರೆ ಆ ಹುಡುಗಿಯನ್ನು ಬೈಯುವುದು ಬಿಡಿ. ಅವಳು ಕತೆಯನ್ನು ಕತೆಯಾಗಿ ಓದಿ, ಬೆಳೆದು, ಈಗ ಅದೇ ಕತೆಯ ಮೇಲೆ ರೇಗುವಷ್ಟು ಜಾಣೆಯಾಗಿದ್ದಾಳೆ.

ಅಕ್ಕನ ಮಗಳಿಗೆ ಕೊಡಿ. ಬಚ್ಚಿಟ್ಟರೆ ಗೆಳತಿಯ ಹತ್ತಿರ ತೆಗೆದುಕೊಂಡು ಓದುತ್ತಾಳೆ, ಆಮೇಲೆ ಅದರ ಬಗ್ಗೆ ನಿಮ್ಮ ಜೊತೆ ಮಾತಾಡುವುದಿಲ್ಲ. ಮೊದಲನೆಯದನ್ನು ಮಾತ್ರ ಕೊಡಿ. ಕೊಡುವ ಮೊದಲು ಭಾಷಣ ಬೇಡ. ‘ಈ ಹುಡುಗ ಸರಿಯಿಲ್ಲ, ಹುಷಾರು’ ಅಂದರೆ ಮುಗಿಯಿತು, ಅವನ ಬೆಲೆ ಇನ್ನೂ ಜಾಸ್ತಿಯಾಗುತ್ತದೆ! ಅವಳು ಆ ಮಲಗುವ ಕೋಣೆಯ ದೃಶ್ಯ ದಾಟಿದ ಮೇಲೆ ಸುಮ್ನೆ ಹೋಗಿ, ಏನನ್ನಿಸಿತು ಅಂತ ಕೇಳಿ. ‘ವಾವ್’ ಅಂದರೂ ಅನ್ನಲಿ. ‘ಯಾಕೆ ವಾವ್?’ ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಇವತ್ತಿನ ಮಕ್ಕಳು ನಿಮಗಿಂತ ಮೊದಲೇ ‘ಛೀ, ಇವನ್ಯಾಕೆ ಹೀಗೆ’ ಅಂದುಬಿಡಲೂಬಹುದು. ಆಗ ನೀವು ಎಡ್ವರ್ಡ್ ಪರ ವಕಾಲತ್ತು ವಹಿಸುವ ಹಾಗಾದರೆ ನಗಬೇಡಿ.

ಇಷ್ಟಪಟ್ಟರೆ ಮುಂದೆ 2015ರಲ್ಲಿ ಬಂದ ‘ಲೈಫ್ ಅಂಡ್ ಡೆತ್’ ಕೊಟ್ಟು ನೋಡಿ. ಬೆಲ್ಲಾ ಬರೀ ಕಾಪಾಡಿಸಿಕೊಳ್ಳುವ ಹುಡುಗಿ ಅನ್ನುವ ಟೀಕೆಗೆ ಮೇಯರ್ ಅದೇ ಕತೆಯನ್ನು ಹುಡುಗ ಹುಡುಗಿ ಅದಲುಬದಲು ಮಾಡಿ ಬರೆದದ್ದು ಅದು. ಟೀಕೆಗೆ ಅದು ಪೂರ್ತಿ ಉತ್ತರ ಅಂತ ನನಗನ್ನಿಸುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೀವಿಬ್ಬರೂ ಒಂದು ಸಂಜೆ ಚೆನ್ನಾಗಿ ವಾದ ಮಾಡಬಹುದು. 2020ರ ‘ಮಿಡ್‌ನೈಟ್ ಸನ್’ ನಿಮಗೆ. ಅದರಲ್ಲಿ ಕತೆ ಹೇಳುವವನು ಎಡ್ವರ್ಡ್. ಅವಳ ರಕ್ತದ ವಾಸನೆಗೆ ಸೋತು, ಇಡೀ ಕ್ಲಾಸನ್ನೇ ಕೊಂದುಹಾಕಲಾ ಅಂತ ಅವನು ಮೊದಲ ದಿನವೇ ಲೆಕ್ಕ ಹಾಕುವುದನ್ನು ಓದಿದರೆ ನಿಮ್ಮ ಸಿಟ್ಟಿಗೆ ಬೇಕಾದಷ್ಟು ಸಾಕ್ಷಿ ಸಿಗುತ್ತದೆ.

ನಾಲ್ಕನೆಯದನ್ನು ಮಾತ್ರ ಒಂದೆರಡು ವರ್ಷ ತಡೆದುಕೊಡಿ. ಮೈಮೇಲೆ ಕಲೆ ಉಳಿಸುವ ಮೊದಲ ರಾತ್ರಿ, ಆ ಭೀಕರ ಹೆರಿಗೆ, ಹದಿಮೂರಕ್ಕೆ ಸ್ವಲ್ಪ ಹೆಚ್ಚಾಯಿತು. ಆಮೇಲೆ ಜೇಕಬ್ ಆಗ ತಾನೇ ಹುಟ್ಟಿದ ಬೆಲ್ಲಾಳ ಮಗುವಿಗೆ ತನ್ನ ಇಡೀ ಜೀವ ಕಟ್ಟಿಕೊಳ್ಳುವುದೊಂದು ಇದೆಯಲ್ಲ, ಅದರ ಬಗ್ಗೆ ಅವಳು ಕೇಳೇ ಕೇಳುತ್ತಾಳೆ. ನೀವೇ ಏನಾದರೂ ಉತ್ತರ ರೆಡಿ ಮಾಡಿಟ್ಟುಕೊಳ್ಳಿ, ನನ್ನ ಹತ್ತಿರವಂತೂ ಇಲ್ಲ.